ಷಡ್ಡಕನ ಮನೆಯಲ್ಲಿ ಬಾಡಿಗೆಗೆ

ಲಿಫ್ಟ್ ರಿಪೇರಿಯವನಿಗೂ ಅವನ ಷಡ್ಡಕನಿಗೂ ಮೊದಲಿನಿಂದಲೂ ಎಣ್ಣೆ ಸೀಗೆಕಾಯಿ ಸಂಬಂಧ. ಷಡ್ಡಕ ಟೈಲ್ಸ್ ವ್ಯಾಪಾರಿ. ಸಾಲ ಮಾಡಿ ಎರಡಂತಸ್ತಿನ ಮನೆ ಕೊಂಡ ಮೇಲಂತೂ ಅವನನ್ನು ಹಿಡಿಯುವವರೇ ಇರಲಿಲ್ಲ. ನಾಲ್ಕು ಜನ ಸೇರಿದ ಕಡೆಯೆಲ್ಲ ಅದೇ ಮಾತು.

"ಬಾಡಿಗೆ ಕಟ್ಟೋದು ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಕಣಯ್ಯ. ಹನ್ನೊಂದು ವರ್ಷ ಕಟ್ಟಿದ್ದೀಯ, ಒಂದು ಇಟ್ಟಿಗೆನಾದ್ರೂ ನಿಂದಾಯ್ತಾ?"

"ನನ್ನ ಸಂಬಳಕ್ಕೆ ಆ ಕಂತು ಭಾರ ಭಾವ. ಹಾಸಿಗೆ ಇದ್ದಷ್ಟು ಕಾಲು ಚಾಚ್ತೀನಿ."

"ಕೈಲಾಗದವನು ಮೈ ಪರಚಿಕೊಂಡ!" ಎಂದು ಷಡ್ಡಕ ಎಲ್ಲರೆದುರು ನಕ್ಕಿದ್ದ. ಆ ನಗು ರಿಪೇರಿಯವನ ಹೊಟ್ಟೆಯಲ್ಲಿ ಐದು ವರ್ಷ ಉರಿಯಿತು.

ಐದನೆಯ ವರ್ಷ ಟೈಲ್ಸ್ ವ್ಯಾಪಾರ ನೆಲ ಕಚ್ಚಿತು. ಎರಡು ಕಂತು ತಪ್ಪಿತು. ಷಡ್ಡಕನ ಹೆಂಡತಿ, ಅಂದರೆ ರಿಪೇರಿಯವನ ಹೆಂಡತಿಯ ಅಕ್ಕ, ಬ್ಯಾಂಕಿನ ಕಾಗದಗಳನ್ನು ಚೀಲದಲ್ಲಿ ತುಂಬಿಕೊಂಡು ಬಂದಳು. ಅರ್ಧಕ್ಕರ್ಧ ಲಕೋಟೆಗಳನ್ನು ಯಾರೂ ಒಡೆದೇ ಇರಲಿಲ್ಲ.

"ಇನ್ನೊಂದು ತಪ್ಪಿದ್ರೆ ಮನೆ ಹರಾಜಿಗಂತೆ. ಅವರಿಗೆ ಹೇಳದೆ ತಂದಿದ್ದೀನಿ, ಸ್ವಲ್ಪ ನೋಡಪ್ಪ."

ರಿಪೇರಿಯವನು ಒಂದೊಂದಾಗಿ ಒಡೆದು ಓದಿದ. ಬಡ್ಡಿ ಮೂರು ಸಲ ಏರಿತ್ತು. ಬ್ಯಾಂಕು ಕಂತನ್ನು ಹೆಚ್ಚಿಸದೆ ಸಾಲ ತೀರುವ ವರ್ಷಗಳನ್ನು ಮಾತ್ರ ಎಳೆದಿತ್ತು. ಓದುತ್ತಿದ್ದಂತೆ ಅವನಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಎದುರಿಗೆ ಅತ್ತಿಗೆ ಕಣ್ಣೊರೆಸಿಕೊಳ್ಳುತ್ತಿದ್ದುದನ್ನು ಕಂಡಾಗ ಮಾತ್ರ ನಾಚಿಕೆಯಾಯಿತು.

ಮರುದಿನ ಚೀಲ ಹಿಡಿದು ನೇರ ಷಡ್ಡಕನ ಅಂಗಡಿಗೆ ಹೋದ.

"ಇಪ್ಪತ್ತು ವರ್ಷದ ಸಾಲ, ಐದು ವರ್ಷ ಕಟ್ಟಿದ್ದೀರ. ಇನ್ನೆಷ್ಟು ಬಾಕಿ ಭಾವ?"

"ಹದಿನೈದು. ನನಗೆ ಮಗ್ಗಿ ಹೇಳಿಕೊಡೋಕೆ ಬಂದ್ಯಾ?"

"ಹತ್ತೊಂಬತ್ತು."

ಷಡ್ಡಕ ಕಾಗದ ಕಿತ್ತುಕೊಂಡು ಎರಡು ಸಲ ಓದಿದ. ಮುಖ ಬಿಳಿಚಿತು, ಆಮೇಲೆ ಕೆಂಪಾಯಿತು. "ಇದನ್ನ ನಿನ್ನ ಕೈಗೆ ಕೊಟ್ಟವಳು ಅವಳೇ ತಾನೇ? ಇವತ್ತು ಮನೇಲಿ ಇದೆ ಅವಳಿಗೆ!"

"ಅಕ್ಕನ ಮೇಲೆ ದನಿ ಎತ್ತಿದ್ರೆ ನಾನು ಈಗಲೇ ಎದ್ದು ಹೋಗ್ತೀನಿ. ನಿಮ್ಮ ಮನೆ ಹರಾಜಾದ್ರೆ ನನಗೇನೂ ನಷ್ಟವಿಲ್ಲ. ಬಾಯಿ ಮುಚ್ಚಿಕೊಂಡು ಕೇಳಿ. ಕೆಳಗಿನ ಮನೆಗೆ ಬೀಗ ಹಾಕಿ ಟೈಲ್ಸ್ ತುಂಬಿದ್ದೀರಲ್ಲ, ಅದನ್ನ ಬಂದ ರೇಟಿಗೆ ಮಾರಿ ತಪ್ಪಿದ ಕಂತು ಕಟ್ಟಿ. ಆ ಮನೆಗೆ ನಾನು ಬರ್ತೀನಿ. ಬಾಡಿಗೆ ಸೀದಾ ಸಾಲದ ಖಾತೆಗೆ, ನಿಮ್ಮ ಕೈಗಲ್ಲ. ಬ್ಯಾಂಕಿಗೆ ಹೋಗಿ ಬಡ್ಡಿ ಇಳಿಸೋಕೆ ಕೇಳಿ. ವರ್ಷಕ್ಕೊಂದು ಸಲ ಅಸಲಿಗೆ ಅಂತ ಒಂದಿಷ್ಟು ಹೆಚ್ಚಿಗೆ ಕಟ್ಟಿ."

"ನೀನು? ನನ್ನ ಮನೇಲಿ?"

"ಬಾಡಿಗೆಗೆ. ಕರಾರು ಬರೆದು."

ಷಡ್ಡಕ ಮೂರು ದಿನ ಸಿಡಿಮಿಡಿಗುಟ್ಟಿದ. ನಾಲ್ಕನೆಯ ದಿನ ಹೆಂಡತಿಯ ಕೈಯಲ್ಲಿ ಬೀಗದ ಕೈ ಕಳಿಸಿದ.

ಮನೆ ಉಳಿಯಿತು, ಸಂಬಂಧವೇನೂ ಸುಧಾರಿಸಲಿಲ್ಲ. ಮೇಲಿನವನು ಬೇಕೆಂದೇ ಕುರ್ಚಿ ಎಳೆದಾಡುತ್ತಿದ್ದ. ಕೆಳಗಿನವನು ನೀರಿನ ಮೋಟಾರಿನ ಖರ್ಚಿಗೆ ಚೀಟಿ ಬರೆದು ಮೆಟ್ಟಿಲ ಮೇಲಿಡುತ್ತಿದ್ದ. ಗಂಡಸರ ನಡುವೆ ಮಾತಿಲ್ಲ. ಬೇಕಾದದ್ದನ್ನೆಲ್ಲ ಅಕ್ಕತಂಗಿಯರು ಹತ್ತಿಳಿದು ಮುಟ್ಟಿಸಬೇಕು. ಆದರೆ ಹೋಗಿ ಕೇಳಿದ ಮೇಲೆ ಬ್ಯಾಂಕು ಬಡ್ಡಿ ಇಳಿಸಿತು, ವ್ಯಾಪಾರವೂ ಕುದುರಿತು. ಮೂರು ವರ್ಷದಲ್ಲಿ ಬಾಕಿ ಹನ್ನೊಂದು ವರ್ಷಕ್ಕೆ ಇಳಿಯಿತು.

ಒಂದು ಭಾನುವಾರ ಷಡ್ಡಕ ಗೇಟಿನ ಬಳಿ ಪಕ್ಕದ ಮನೆಯವನಿಗೆ ಉಪದೇಶ ಮಾಡುತ್ತಿದ್ದ: "ಸಾಲ ಯಾರು ಬೇಕಾದ್ರೂ ಮಾಡ್ತಾರೆ ಸ್ವಾಮಿ, ತೀರಿಸೋಕೆ ತಲೆ ಬೇಕು. ಕೆಳಗಿನ ಮನೆ ಬಾಡಿಗೆಗೆ ಕೊಟ್ಟು, ಅದನ್ನ ಸೀದಾ ಸಾಲಕ್ಕೆ ಜಮಾ ಮಾಡಿಸಿದ್ದು ನಾನೇ ಯೋಚನೆ ಮಾಡಿ!"

ಒಳಗೆ ರಿಪೇರಿಯವನು ಕಿಟಕಿಯನ್ನು ದಡಾರನೆ ಮುಚ್ಚಿದ.

"ಹೋಗಿ ನಿಜ ಹೇಳಿಬಿಡಬಾರದಾ?" ಎಂದಳು ಹೆಂಡತಿ.

"ಹೇಳಬಹುದು," ಎಂದ ಅವನು. "ಆ ಮನುಷ್ಯನ ಹತ್ತಿರ ಮಾತಾಡಬೇಕಾಗುತ್ತಲ್ಲ."