ಯಾರ ಎಂಜಲು?

ಮಗಳು ಕೃಪಾಳ ಒಸಡಿನಲ್ಲಿ ರಕ್ತ ಕಂಡ ದಿನವೇ ರತ್ನಾಕರ ತೀರ್ಪು ಕೊಟ್ಟಿದ್ದ: ಇದು ಸುಮಯ್ಯಾಳ ಎಂಜಲಿನ ಫಲ. ಪಟ್ಟಂ ಬಡಾವಣೆಯ ಶಾಲೆಯಲ್ಲಿ ಹುಡುಗಿಯರಿಬ್ಬರೂ ಐದನೆಯ ತರಗತಿ, ಒಂದೇ ಬೆಂಚು, ಒಂದೇ ಬಾಟಲಿಯ ನೀರು. ಕೊಚ್ಚಿಯಿಂದ ವರ್ಗವಾಗಿ ಬಂದ ಕೇಂದ್ರ ಸರಕಾರದ ಅಧಿಕಾರಿಯಲ್ಲವೆ, ಆಫೀಸಿನ ಗತ್ತಿನಲ್ಲೇ ಹೋಗಿ ಟೀಚರ್ ಬಳಿ ದೂರಿದ. ಮಕ್ಕಳೆಲ್ಲ ಕೇಳಿಸಿಕೊಂಡರು. ಸುಮಯ್ಯಾ ಹಿಂದಿನ ಬೆಂಚಿಗೆ ಹೋದಳು. ಅಂದಿನಿಂದ ಅವಳ ಪಕ್ಕ ಯಾರೂ ಕೂರುವುದಿಲ್ಲ.

"ಸುಮಯ್ಯಾ ಒನ್ನುಂ ಚೆಯ್ತಿಟ್ಟಿಲ್ಲಮ್ಮಾ," ಅವಳೇನೂ ಮಾಡಿಲ್ಲವೆಂದು ಕೃಪಾ ಮಲಯಾಳದಲ್ಲೇ ಅತ್ತಳು. ಗಂಡನ ಬಾಯಿಗೆ ಕೋಲು ಹಾಕುವವರು ಯಾರು ಎಂದು ಕುಸುಮಾವತಿ ಸುಮ್ಮನಿದ್ದಳು.

ರಕ್ತ ನಿಲ್ಲಲಿಲ್ಲ; ಹಾಲುಹಲ್ಲು ಬಿದ್ದ ಮೇಲೆ ಬಂದ ಮುಂದಿನ ಹಲ್ಲೇ ಅಲ್ಲಾಡತೊಡಗಿತು. ಹಲ್ಲಿನ ಡಾಕ್ಟರಮ್ಮ ಒಸಡಿನ ಸಂದಿಗೆ ಕಾಗದದ ಸಣ್ಣ ಕಡ್ಡಿ ಇಳಿಸಿ ಮಾದರಿ ತೆಗೆದರು. ಅಪ್ಪ ಅಮ್ಮನ ಬಾಯಿಯನ್ನೂ ಬಿಡಲಿಲ್ಲ. ವರದಿ ಬಂದ ದಿನ ವಿವರಿಸಿದರು: ಮಗು ಚೆನ್ನಾಗಿಯೇ ಹಲ್ಲುಜ್ಜುತ್ತಾಳೆ. ಆದರೆ ಹಲ್ಲು ಹಿಡಿದಿರುವ ಮೂಳೆಯನ್ನೇ ಸವೆಸುವ ಒಂದು ಬ್ಯಾಕ್ಟೀರಿಯಾ ಇದೆ. ಅದು ಹೆಚ್ಚಾಗಿ ಮನೆಯವರ ಎಂಜಲಿನಿಂದಲೇ ಬರುತ್ತದೆ. ಅಪ್ಪನ ಬಾಯಲ್ಲೂ ಅದೇ ಸಿಕ್ಕಿದೆ. ಈಗಲೇ ಔಷಧಿ ಮಾಡಿದರೆ ಹಲ್ಲು ಉಳಿದೀತು.

ಕುಸುಮಾವತಿಗೆ ಮೈಯೆಲ್ಲ ಉರಿಯಿತು. ಚಕ್ಕುಲಿಯನ್ನು ಕಚ್ಚಿ ಮುರಿದು ಮಗಳ ಬಾಯಿಗಿಡುವವನು ಇವನೇ, ತಾನು ಅರ್ಧ ಕುಡಿದ ಲೋಟವನ್ನು ಅವಳಿಗೆ ದಾಟಿಸುವವನೂ ಇವನೇ. ಅದು ಅಕ್ಕರೆಯಂತೆ! ಸುಮಯ್ಯಾಳ ಬಾಟಲಿ ಮಾತ್ರ ಎಂಜಲು. ನಲವತ್ತಕ್ಕೇ ಹಲ್ಲು ಉದುರುತ್ತಿದ್ದರೂ 'ನಮ್ಮ ವಂಶದ ಹಲ್ಲೇ ಹಾಗೆ' ಎಂಬ ಜಂಬ ಬೇರೆ. ತನ್ನ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ತೋರಿಸಿದನಂತೆ.

"ಔಷಧಿ ಉಂಟಲ್ಲ, ಇನ್ನು ಊರಿಗೆಲ್ಲ ಯಾಕೆ ಹೇಳುವುದು ಮಾರಾಯ್ತಿ?" ಎಂದ ರತ್ನಾಕರ.

"ದೂರುವಾಗ ಇಡೀ ಕ್ಲಾಸಿಗೆ ಕೇಳುವ ಹಾಗೆ ಹೇಳಿದ್ರಿ. ಈಗ ತಪ್ಪಾಯ್ತು ಅಂತ ಹೇಳ್ಲಿಕ್ಕೆ ನಾಚಿಕೆಯಾ? ಇವತ್ತು ಅವರ ಮನೆ, ನಾಳೆ ಶಾಲೆ. ನಡೀರಿ."

ಆಟೋದಲ್ಲಿ ದಾರಿಯುದ್ದಕ್ಕೂ ಬೈದಳು. ಡ್ರೈವರ್ ಕನ್ನಡ ಬಾರದಿದ್ದರೂ ತಿರುತಿರುಗಿ ನೋಡಿದ.

ಸುಮಯ್ಯಾಳ ತಾಯಿ ಫಾತಿಮಾ ಮಂಗಳೂರಿನವಳು, ಬ್ಯಾಂಕಿನಲ್ಲಿ ಕೆಲಸ. ಒಳಗೆ ಕರೆಯಲಿಲ್ಲ. ರತ್ನಾಕರ ತೊದಲಿದ್ದನ್ನೆಲ್ಲ ಬಾಗಿಲಲ್ಲೇ ನಿಂತು ಕೇಳಿದಳು. ಆಮೇಲೆ ಅವನ ಕಡೆ ನೋಡದೆ ಕುಸುಮಾವತಿಗೆ ಹೇಳಿದಳು:

"ನನ್ನ ಮಗಳು ಒಬ್ಬಳೇ ಕೂತದ್ದು ನಿಮಗೂ ಗೊತ್ತಿತ್ತಲ್ಲ ಅಕ್ಕಾ. ಈ ರಿಪೋರ್ಟ್ ಬರದೇ ಇದ್ದಿದ್ರೆ ನೀವು ಬರ್ತಿದ್ರಾ?"

ಅಷ್ಟು ಹೊತ್ತು ಗಂಡನನ್ನು ಬೈದು ಬಂದಿದ್ದ ಕುಸುಮಾವತಿ ಕೈಯಲ್ಲಿದ್ದ ರಿಪೋರ್ಟನ್ನು ಮಡಚಿ ಚೀಲದೊಳಗೆ ತುರುಕಿದಳು.