ಆರನೇ ಬಾವಿಯ ಅಂಕಿಗಳು

ನೀರು ಸರಬರಾಜು ಕಚೇರಿಯ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ಜರಡಿಯಕ್ಕ ಅಂತಲೇ ಕರೆಯುತ್ತಿದ್ದರು. ಎದುರಿಗೇ ಕರೆದರೂ ಅವಳಿಗೆ ಬೇಸರವಿರಲಿಲ್ಲ. ಒಳಗೊಳಗೆ ಸ್ವಲ್ಪ ಹೆಮ್ಮೆಯೇ ಇತ್ತು. ಊರಿಗೆ ನೀರು ಕೊಡುವ ಹದಿನಾಲ್ಕು ಬಾವಿಗಳಲ್ಲಿ ಒಂದೊಂದಕ್ಕೂ ಸೆನ್ಸರ್ ಇಳಿಬಿಟ್ಟಿದ್ದರು. ಅವು ಗಂಟೆಗೊಮ್ಮೆ ಅಳೆದು ಕಳಿಸಿದ ಅಂಕಿಗಳೆಲ್ಲ ಅವಳ ಮೇಜಿನ ಕಂಪ್ಯೂಟರಿಗೆ ಬಂದು ಬೀಳುತ್ತಿದ್ದವು. ಅವನ್ನು ಸಾಫ್ಟ್‌ವೇರಿನಲ್ಲಿ ಒಪ್ಪ ಮಾಡಿ, ಸೋಮವಾರಕ್ಕೊಂದು ವರದಿ ತೆಗೆದು, ಊರಿನವರೆಲ್ಲ ಫೋನಿನಲ್ಲಿ ನೋಡುವ ಪುಟಕ್ಕೆ ಏರಿಸುವುದು ಅವಳ ಕೆಲಸ. ನೀರು ಚೆನ್ನಾಗಿದ್ದರೆ ಹಸಿರು, ಕೆಟ್ಟಿದ್ದರೆ ಕೆಂಪು. ಎಂಟು ವರ್ಷದ ನೌಕರಿಯಲ್ಲಿ ಕೆಂಪು ಬಂದದ್ದು ಒಂದೇ ಸಲ.

ಆ ಒಂದು ಸಲವೇ ಅವಳಿಗೆ ಈ ಹೆಸರು ತಂದುಕೊಟ್ಟದ್ದು. ಮೂರು ವರ್ಷದ ಹಿಂದೆ ಒಂಬತ್ತನೇ ಬಾವಿಯ ಸೆನ್ಸರಿಗೆ ಪಾಚಿ ಹತ್ತಿಕೊಂಡು, ಅದು ಹುಚ್ಚು ಹಿಡಿದಂತೆ ಅಂಕಿ ಕಳಿಸತೊಡಗಿತು. ಪುಟ ಕೆಂಪಾಯಿತು. ಎರಡೇ ತಾಸಿನಲ್ಲಿ ಅಂಗಡಿಗಳಲ್ಲಿ ಬಾಟಲಿ ನೀರು ಖಾಲಿ, ಕಚೇರಿ ಗೇಟಿನ ಮುಂದೆ ಬಿಂದಿಗೆ ಹಿಡಿದ ಜನ, ಮುಖ್ಯ ಇಂಜಿನಿಯರ್ ಸಾಹೇಬರ ಮುಖದಲ್ಲಿ ಬೆವರು. ಕೊನೆಗೆ ನೋಡಿದರೆ ನೀರಿಗೆ ಏನೂ ಆಗಿರಲಿಲ್ಲ. ನಾಲ್ಕು ಜನರ ಮುಂದೆ ತಲೆ ತಗ್ಗಿಸಿ ನಿಂತ ಸಾಹೇಬರು ಅವಳನ್ನು ಕರೆದು, "ಇನ್ನೊಂದು ಸಲ ಹೀಗಾಗಬಾರದು. ಏನಾದರೂ ಮಾಡಿ" ಎಂದರು.

ಅವಳು ಸಾಫ್ಟ್‌ವೇರಿನೊಳಗೆ ಒಂದು ಜರಡಿ ಕಟ್ಟಿದಳು. ಹಿಂದಿನ ತಿಂಗಳ ಸರಾಸರಿಯ ಒಂದೂವರೆ ಪಟ್ಟು ಮೀರಿದ ಅಂಕಿ ಯಾವುದೇ ಬರಲಿ, ಅದು ವರದಿಗೆ ಹೋಗುವ ಬದಲು 'ಸಂಶಯ' ಎಂಬ ಪೆಟ್ಟಿಗೆಗೆ ಬೀಳಬೇಕು. ಯಾರಾದರೂ ನೋಡಿ ಸರಿ ಎಂದರೆ ಒಳಗೆ, ತಪ್ಪು ಎಂದರೆ ಹೊರಗೆ. ರಜೆ ಬಂದಾಗ ಪೆಟ್ಟಿಗೆ ತುಂಬಿ ಯಂತ್ರ ನಿಧಾನವಾಗುತ್ತದೆಂದು ಇನ್ನೊಂದು ಸಾಲು ಸೇರಿಸಿದಳು: ಏಳು ದಿನ ಯಾರೂ ನೋಡದಿದ್ದರೆ ಅಂಕಿ ತಾನಾಗಿಯೇ ಹೊರಗೆ. ಸಾಹೇಬರು ಬೆನ್ನು ತಟ್ಟಿದರು. ಬೇರೆ ಊರಿನ ಕಚೇರಿಯವರು ಬಂದು ಬರೆದುಕೊಂಡೂ ಹೋದರು.

ಆ ಪೆಟ್ಟಿಗೆ ನೋಡುವ ಕೆಲಸ ಬಾಟಲಿ ಮಾವನದು. ಹೆಗಲಿಗೆ ನೀರಿನ ಮಾದರಿಯ ಬಾಟಲಿಗಳ ಚೀಲ ಹಾಕಿಕೊಂಡು ಬಾವಿ ಬಾವಿ ತಿರುಗುತ್ತಿದ್ದ ಹಿರಿಯ ಅವನು. ದಿನಾ ಬೆಳಗ್ಗೆ ಪೆಟ್ಟಿಗೆ ತೆರೆದು, ಅನುಮಾನ ಬಂದರೆ "ಹೋಗಿ ಮುಖ ನೋಡ್ಕೊಂಡು ಬರ್ತೀನಿ ತಾಯಿ" ಎಂದು ಹೊರಡುತ್ತಿದ್ದ, ಬಾವಿ ತನ್ನ ನೆಂಟನೇನೋ ಎಂಬಂತೆ. ಐದು ತಿಂಗಳ ಹಿಂದೆ ಅವನು ನಿವೃತ್ತನಾದ. ಬೀಳ್ಕೊಡುಗೆಯಲ್ಲಿ ಹಾರ ಹಾಕಿದರು, ಭಾಷಣ ಮಾಡಿದರು, ಕೆಲವರು ಕಣ್ಣೊರೆಸಿಕೊಂಡರು. ನಾಳೆಯಿಂದ ಪೆಟ್ಟಿಗೆ ಯಾರು ನೋಡುತ್ತಾರೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಅವಳೂ ಕೇಳಲಿಲ್ಲ.

ಒಂದು ಬುಧವಾರ ಬೆಳಗ್ಗೆ ಹನ್ನೊಂದಕ್ಕೆ ತಮ್ಮ ಫೋನು ಮಾಡಿದ. ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವನು. ಅವನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು ಅವಳು. ಅವನ ಮಗುವಿಗೆ ಆಗ ಎರಡು ತಿಂಗಳು. ತಾಯಿ ಹಾಲು ಸಾಲದೆ ಬಾಟಲಿ ಹಾಲು ಶುರು ಮಾಡಿದ್ದರು. ಪುಡಿ ಕಲಸುವುದು ಹೇಗೆಂದು ತಮ್ಮನ ಹೆಂಡತಿಗೆ ಹೇಳಿಕೊಟ್ಟವಳೂ ಇವಳೇ: "ನೀರನ್ನ ಚೆನ್ನಾಗಿ ಕುದಿಸು ಕಣೇ. ಇಪ್ಪತ್ತು ನಿಮಿಷ. ಅವಸರ ಮಾಡ್ಬೇಡ."

"ಅಕ್ಕಾ, ಆಸ್ಪತ್ರೇಲಿದೀವಿ," ಎಂದ ತಮ್ಮ. ಧ್ವನಿ ಅವನದ್ದಲ್ಲವೆಂಬಂತೆ ಇತ್ತು. "ಪಾಪುವಿನ ತುಟಿ ಎರಡು ದಿನದಿಂದ ನೀಲಿ ನೀಲಿ ಇತ್ತು. ಚಳಿಗೆ ಅಂದ್ಕೊಂಡ್ವಿ. ಬೆಳಗ್ಗೆ ಉಗುರೂ ನೀಲಿ ಆಗಿದೆ, ಏದುಸಿರು ಬಿಡ್ತಿದೆ. ಡಾಕ್ಟ್ರು ರಕ್ತ ತೆಗೆದ್ರೆ ಕೆಂಪಗಿಲ್ಲ ಅಕ್ಕ, ಕಂದು ಬಣ್ಣ. ನೀರಲ್ಲಿ ನೈಟ್ರೇಟ್ ಜಾಸ್ತಿ ಇದ್ರೆ ಎಳೆ ಮಕ್ಕಳ ರಕ್ತ ಹೀಗಾಗುತ್ತಂತೆ, ಎಷ್ಟಿದೆ ಗೊತ್ತಾ ಅಂತ ಕೇಳ್ತಿದಾರೆ."

ಅವಳು ಪರದೆಯ ಕಡೆ ತಿರುಗಿದಳು. ಉತ್ತರ ಕಣ್ಣ ಮುಂದೆಯೇ ಇತ್ತು. ತಮ್ಮನ ಬೀದಿಗೆ ಆರನೇ ಬಾವಿಯ ನೀರು. ನೈಟ್ರೇಟ್ ಮೂವತ್ತೊಂದು, ಹಸಿರು. ಮಿತಿ ನಲವತ್ತೈದು.

"ನೀರು ಚೆನ್ನಾಗಿದೆ ಕಣೋ. ಮೂವತ್ತೊಂದೇ ಇರೋದು. ನಾನೇ ನೋಡ್ತಿದೀನಿ. ಡಾಕ್ಟ್ರಿಗೆ ಬೇರೆ ಏನಾದ್ರೂ ನೋಡೋಕೆ ಹೇಳು."

"ಖಂಡಿತಾನಾ?"

"ನನ್ನ ಮೇಲೆ ನಂಬಿಕೆ ಇಲ್ವಾ?"

ಫೋನಿಟ್ಟ ಮೇಲೂ ಅವಳ ಕಣ್ಣು ಆ ಮೂವತ್ತೊಂದರ ಮೇಲೇ ಇತ್ತು. ಹಿಂದಿನ ವಾರ ತೆಗೆದು ನೋಡಿದಳು: ಮೂವತ್ತೊಂದು. ಅದರ ಹಿಂದಿನ ವಾರ ಮೂವತ್ತು. ಅದರ ಹಿಂದೆ ಮತ್ತೆ ಮೂವತ್ತೊಂದು. ನಾಲ್ಕು ತಿಂಗಳ ಗೆರೆ ಇಸ್ತ್ರಿ ಹಾಕಿದ ಹಾಗೆ ಮಲಗಿತ್ತು. ನಡುವೆ ಮಳೆಗಾಲ ಬಂದು ಹೋಗಿತ್ತು. ಉಳಿದ ಹದಿಮೂರು ಬಾವಿಗಳ ಗೆರೆಗಳು ಅಷ್ಟೋ ಇಷ್ಟೋ ಏರಿ ಇಳಿದಿದ್ದವು. ಇದೊಂದಕ್ಕೆ ಮಳೆಯೇ ತಾಕಲಿಲ್ಲವೇ?

ಪಕ್ಕದ ಕಾಲಮ್ಮಿನಲ್ಲಿ, ಯಾರೂ ನೋಡದ ಸಣ್ಣ ಅಕ್ಷರದಲ್ಲಿ, ಆ ಸರಾಸರಿ ಎಷ್ಟು ಅಂಕಿಗಳಿಂದ ಬಂತೆಂದು ಇರುತ್ತಿತ್ತು. ವಾರಕ್ಕೆ ನೂರ ಅರವತ್ತೆಂಟು ಇರಬೇಕು. ಅಲ್ಲಿ ಐದು ಎಂದಿತ್ತು.

ಸಂಶಯದ ಪೆಟ್ಟಿಗೆ ತೆರೆದಳು. ಎಂಬತ್ತೆಂಟು. ತೊಂಬತ್ತೆರಡು. ತೊಂಬತ್ತೇಳು. ತೊಂಬತ್ತೊಂದು. ಸಾಲು ಸಾಲಾಗಿ, ಗಂಟೆಗೊಂದರಂತೆ, ಏಳು ದಿನದ್ದು. ಹೊರಗೆ ಬಿದ್ದವುಗಳ ಪಟ್ಟಿ ತೆಗೆದರೆ ಮಳೆಗಾಲದ ಮೊದಲ ದೊಡ್ಡ ಮಳೆಯ ಮಾರನೆಯ ದಿನದಿಂದ ಹೀಗೇ. ವಾರಕ್ಕೊಮ್ಮೆ ಬಾವಿ ತೊಳೆಯಲು ಪಂಪು ನಿಲ್ಲಿಸಿದಾಗ ಬೇರೆ ಬಾವಿಗಳ ನೀರು ಟ್ಯಾಂಕಿನಿಂದ ಹಿಂದಕ್ಕೆ ಬಂದ ಗಂಟೆಗಳು ಮಾತ್ರ ಜರಡಿಯಲ್ಲಿ ಉಳಿದಿದ್ದವು. ಆ ಐದನ್ನು ಕೂಡಿಸಿ, ಭಾಗಿಸಿ, ಯಂತ್ರ ವಾರ ವಾರವೂ ಊರಿಗೆ ಹಸಿರು ತೋರಿಸಿತ್ತು. ಸೆನ್ಸರ್ ನಾಲ್ಕು ತಿಂಗಳು ಕೂಗಿಕೊಂಡಿತ್ತು, ಅವಳು ಅದರ ಬಾಯಿ ಕಟ್ಟಿದ್ದಳು.

ತಮ್ಮನ ಫೋನು ಎರಡು ಸಲ ಬಿಡುವಿಲ್ಲವೆಂದಿತು. ಮೂರನೆಯ ಸಲ ಎತ್ತಿದ.

"ನಾನು ಹೇಳಿದ್ದು ತಪ್ಪು," ಎಂದಳು. "ನೈಟ್ರೇಟ್ ತೊಂಬತ್ತು ದಾಟಿದೆ. ಈಗಲೇ ಡಾಕ್ಟ್ರಿಗೆ ಹೇಳು. ಓಡು."

"ಈಗ ತಾನೆ ಹೃದಯದ ಪರೀಕ್ಷೆಗೆ ಕರ್ಕೊಂಡು ಹೋದ್ರಲ್ಲ ಅಕ್ಕ, ನೀನು ಹೇಳಿದೆ ಅಂತ—"

"ಓಡೋ!"

"ಕುದಿಸಿಯೇ ಕೊಟ್ಟಿದ್ವಲ್ಲ, ನೀನು ಹೇಳಿದ ಹಾಗೇ..."

"ಕುದಿಸಿದ್ರೆ ಅದು ಹೋಗಲ್ಲ. ನೀರು ಬತ್ತಿ ಇನ್ನೂ ಜಾಸ್ತಿ ಆಗುತ್ತೆ."

ಆ ಕಡೆಯಿಂದ ಅವನು ಓಡುವ ಚಪ್ಪಲಿಯ ಸದ್ದು ಮಾತ್ರ ಕೇಳಿತು.

ತಪ್ಪು ಉತ್ತರ ಕೊಟ್ಟು ನಲವತ್ತು ನಿಮಿಷ ಹೋಗಿತ್ತು. ಮುಂದೆ ಎಷ್ಟೋ ದಿನ ಅವಳು ಆ ನಲವತ್ತು ನಿಮಿಷವನ್ನು ಒಂದೊಂದಾಗಿ ಎಣಿಸಿದಳು. ವೈದ್ಯರು ಮಗುವಿನ ನರಕ್ಕೆ ಒಂದು ನೀಲಿ ಔಷಧಿ ಏರಿಸಿದರಂತೆ. ನೀಲಿಗಟ್ಟಿದ ಮಗುವಿಗೆ ನೀಲಿ ಔಷಧಿಯೇ ಎಂದು ತಮ್ಮನ ಹೆಂಡತಿ ಚೀರಿಕೊಂಡಳಂತೆ. ತಾಸಿನೊಳಗೆ ತುಟಿ ಕೆಂಪಾಯಿತು. ಸಂಜೆಯ ಹೊತ್ತಿಗೆ ಮಗು ಆ ಔಷಧಿಯ ಬಣ್ಣಕ್ಕೆ ಹಸಿರು ಉಚ್ಚೆ ಹೊಯ್ದು, ಗಟ್ಟಿಯಾಗಿ ಅತ್ತು, ಎಲ್ಲರ ಹೋದ ಜೀವ ಮರಳಿ ತಂದಿತು.

ಆದರೆ ಆ ಸುದ್ದಿ ಬರುವ ಮೊದಲೇ ಅವಳು ತಾನೇ ಬಾಟಲಿ ಹಿಡಿದು ಆರನೇ ಬಾವಿಗೆ ಹೋಗಿ ಬಂದಿದ್ದಳು. ಸೆನ್ಸರ್ ಬಂದ ಮೇಲೆ ಕೈಯಿಂದ ಪರೀಕ್ಷೆ ಮಾಡುವುದು ಆರು ತಿಂಗಳಿಗೊಮ್ಮೆ ಎಂದಾಗಿತ್ತು. ಪ್ರಯೋಗಾಲಯದಲ್ಲಿ ಎರಡು ಸಲ ಅಳೆದರು. ತೊಂಬತ್ನಾಲ್ಕು. ಮತ್ತೆ ತೊಂಬತ್ನಾಲ್ಕು. ಅಷ್ಟರಲ್ಲಿ ಮಗು ಉಳಿಯಿತೆಂಬ ಸುದ್ದಿ ಕಚೇರಿಗೆಲ್ಲ ತಿಳಿದಿತ್ತು. ಆ ಚೀಟಿ ಹಿಡಿದು ಸಾಹೇಬರ ಕೋಣೆಗೆ ಹೋದಳು.

ಸಾಹೇಬರು ಕೆಟ್ಟವರಲ್ಲ. ಚೀಟಿ ನೋಡಿದ ಕೂಡಲೇ ಫೋನೆತ್ತಿ ಬಾವಿಯ ಪಂಪು ನಿಲ್ಲಿಸಲು ಹೇಳಿದರು, ಟ್ಯಾಂಕರ್ ಕಳಿಸಲು ಹೇಳಿದರು. ಆಮೇಲೆ ಬಾಗಿಲು ಮುಂದೆ ಮಾಡಿ ಕೂತರು.

"ಇವತ್ತು ಪರೀಕ್ಷೆ ಮಾಡಿದ್ವಿ, ಇವತ್ತು ಗೊತ್ತಾಯ್ತು, ಇವತ್ತೇ ನಿಲ್ಲಿಸಿದ್ವಿ. ನೋಟಿಸಿನಲ್ಲಿ ಇಷ್ಟೇ ಇರಲಿ."

"ಮತ್ತೆ ಹಿಂದಿನ ನಾಲ್ಕು ತಿಂಗಳು ಸರ್?"

"ಅವು ಹೊರಗೆ ಬಿದ್ದ ಅಂಕಿಗಳು. ನೀವೇ ಬರೆದ ನಿಯಮ. ವರದೀಲಿ ಇಲ್ಲದ್ದನ್ನ ಈಗ ಯಾಕೆ ಕೆದಕ್ತೀರಿ? ಒಂಬತ್ತನೇ ಬಾವಿ ಗಲಾಟೆ ಮರೆತ್ರಾ? ಸೆನ್ಸರ್ ದೋಷ ಅಂತ ಗುರುತು ಹಾಕಿ ಮುಚ್ಚಿಬಿಡಿ. ನಿಮಗೂ ಒಳ್ಳೇದು." ಧ್ವನಿ ತಗ್ಗಿಸಿದರು. "ನಿಮ್ಮ ಮನೆ ಮಗು ಉಳೀತಲ್ಲ."

ಅವರು ಸಮಾಧಾನಕ್ಕೆಂದೇ ಹೇಳಿದ್ದು. ಅವಳಿಗೆ ಮಾತ್ರ ಕಪಾಳಕ್ಕೆ ಹೊಡೆದಂತಾಯಿತು. ತಮ್ಮನ ಮಗುವಿಗೆ ಪ್ರಯೋಗಾಲಯದಲ್ಲೊಬ್ಬಳು ಅತ್ತೆ ಇದ್ದಳು. ಆರನೇ ಬಾವಿಯ ನೀರು ಹೋಗುತ್ತಿದ್ದದ್ದು ಏಳು ಬೀದಿಗೆ.

"ಆ ಪುಟ ನೋಡಿ ಜನ ಮಕ್ಕಳಿಗೆ ಹಾಲು ಕಲಸಿದಾರೆ ಸರ್," ಎಂದಳು. "ಯಾರಿಗೆ ಯಾವತ್ತಿಂದ ಏನಾಯ್ತು ಅಂತ ಡಾಕ್ಟ್ರಿಗೆ ಗೊತ್ತಾಗ್ಬೇಕಲ್ಲ."

"ಯೋಚನೆ ಮಾಡಿ. ನಿಯಮದ ಮೇಲೆ ನಿಮ್ಮ ಹೆಸರಿದೆ."

ತನ್ನ ಕುರ್ಚಿಗೆ ಬಂದು ಕೂತಾಗ ಅವಳು ನಿಜವಾಗಿಯೂ ಯೋಚನೆ ಮಾಡಿದಳು. ಧೈರ್ಯವಂತೆ ಅಂತ ಯಾರೂ ತಿಳಿಯುವುದು ಬೇಡ. ನೌಕರಿ ನೆನಪಾಯಿತು, ಪೊಲೀಸರು ನೆನಪಾದರು, ಬೀದಿಯಲ್ಲಿ ಬೆರಳು ತೋರಿಸುವ ಜನ ನೆನಪಾದರು. ಮುಚ್ಚಿಬಿಟ್ಟರೆ ಯಾರಿಗೂ ತಿಳಿಯದು ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತಿತ್ತು. ಅರ್ಧ ತಾಸು ಹಾಗೇ ಕೂತಿದ್ದಳು. ಆಮೇಲೆ ಹೊರಗೆ ಬಿದ್ದ ಅಂಕಿಗಳನ್ನೆಲ್ಲ ಆರಿಸಿ, ಒಳಕ್ಕೆ ಸೇರಿಸುವ ಗುಂಡಿ ಒತ್ತಿದಳು. ಕಾರಣವೇನೆಂದು ಸಾಫ್ಟ್‌ವೇರ್ ಕೇಳಿತು. 'ಅಂಕಿಗಳು ಸರಿ, ನಿಯಮ ತಪ್ಪು. ನಿಯಮ ಬರೆದವಳು ನಾನು' ಎಂದು ಹಾಕಿದಳು. ಹದಿನೇಳು ವಾರಗಳು ಒಂದರ ಹಿಂದೊಂದು ಕೆಂಪಾದವು.

ಮಾರನೆಯ ದಿನ ಆರೋಗ್ಯ ಕೇಂದ್ರದ ನರ್ಸಿನ ಜೊತೆ ಅವಳೂ ಏಳು ಬೀದಿ ಸುತ್ತಿದಳು. ನರ್ಸಿನ ಪಟ್ಟಿಯಲ್ಲಿ ಆರು ತಿಂಗಳೊಳಗಿನ ಮಕ್ಕಳು ಹತ್ತೊಂಬತ್ತು. ಬಾಗಿಲು ಬಾಗಿಲಿಗೆ ನಿಂತು ಅದೇ ಮಾತು: ಕುದಿಸಿದರೂ ಬೇಡ, ಟ್ಯಾಂಕರ್ ನೀರು ಮಾತ್ರ. ಒಂದು ಮನೆಯಲ್ಲಿ ಅಜ್ಜಿಯೊಬ್ಬಳು, "ನಲವತ್ತು ವರ್ಷ ಇದೇ ನೀರು ಕುಡ್ದಿದೀನಿ, ನಾನೇನು ನೀಲಿಯಾಗಿದೀನಾ?" ಎಂದು ಜಗಳಕ್ಕೇ ಬಂದಳು. ಎರಡು ಮನೆಗಳಲ್ಲಿ ಮಗುವಿನ ತುಟಿ ನೋಡಿದ ನರ್ಸು ಕೂಡಲೇ ಆಂಬುಲೆನ್ಸಿಗೆ ಫೋನು ಮಾಡಿದಳು.

ಹದಿನೆಂಟನೆಯ ಮನೆಯ ಬಾಗಿಲು ತೆರೆದವಳು ಸಣ್ಣ ವಯಸ್ಸಿನ ದರ್ಜಿ. ಕುತ್ತಿಗೆಯಲ್ಲಿ ಅಳತೆಯ ಟೇಪು. ಒಳಗೆ ಹೊಲಿಗೆ ಯಂತ್ರದ ಸೂಜಿಯಡಿ ಅರ್ಧ ಹೊಲಿದ ತೋಳು.

"ಮಗು ಎಲ್ಲಮ್ಮ?" ನರ್ಸು ಕೇಳಿದಳು.

"ಮಗು ಇಲ್ಲ," ಎಂದಳು ದರ್ಜಿ. "ಹೋಗಿ ಮೂರು ವಾರ ಆಯ್ತು. ನಿಮ್ಮ ಪಟ್ಟೀಲಿ ಇನ್ನೂ ಇದೆಯಾ?"

ನರ್ಸು ಪಟ್ಟಿ ಮಡಚಿ ಹಿಡಿದಳು. ಆಸ್ಪತ್ರೆಯಲ್ಲಿ ಉಸಿರಾಟದ ತೊಂದರೆ ಎಂದು ಬರೆದುಕೊಟ್ಟಿದ್ದರಂತೆ. ಒಂದೂವರೆ ತಿಂಗಳ ಹೆಣ್ಣು ಮಗು. ಬಾಟಲಿ ಹಾಲು. ರಕ್ತ ತೆಗೆಯುವಷ್ಟು ಹೊತ್ತೂ ಇರಲಿಲ್ಲವಂತೆ.

"ನೀರಿಂದಲೇ ಆಯ್ತಾ?" ದರ್ಜಿ ಅವಳನ್ನೇ ಕೇಳಿದಳು, ಕಚೇರಿಯ ಗುರುತಿನ ಚೀಟಿ ಅವಳ ಕೊರಳಲ್ಲಿತ್ತು.

"ಗೊತ್ತಿಲ್ಲಮ್ಮ. ಈಗ ಯಾರಿಗೂ ಗೊತ್ತಾಗಲ್ಲ." ಅಲ್ಲಿಗೇ ನಿಲ್ಲಿಸಬಹುದಿತ್ತು. "ಆದ್ರೆ ಆಗಿರಬಹುದು. ನೀರು ಕೆಟ್ಟಿರೋದು ಯಂತ್ರಕ್ಕೆ ಗೊತ್ತಿತ್ತು. ಹೆಚ್ಚಿಗೆ ಬಂದಿದ್ದನ್ನ ಪಕ್ಕಕ್ಕೆ ಹಾಕು ಅಂತ ಅದಕ್ಕೆ ಹೇಳಿದವಳು ನಾನು."

ದರ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ನಿಂತಿದ್ದು, ಬಾಗಿಲು ಹಾಕಿಕೊಂಡಳು.

ವಿಚಾರಣೆ ಎರಡು ತಿಂಗಳು ನಡೆಯಿತು. ಬಾವಿಯ ಮೇಲ್ಗಡೆ ಹೊಸದಾಗಿ ಎದ್ದ ದನದ ಕೊಟ್ಟಿಗೆಗಳ ಗೊಬ್ಬರದ ಗುಂಡಿ ಆ ಮೊದಲ ಮಳೆಗೆ ಒಡೆದು ನೆಲಕ್ಕಿಳಿದಿತ್ತು. ಆರನೇ ಬಾವಿಯನ್ನು ಮುಚ್ಚಿದರು. ಸಾಹೇಬರಿಗೆ ವರ್ಗವಾಯಿತು. ಅವಳ ಮೇಲೆ ನಿರ್ಲಕ್ಷ್ಯ ಎಂದು ಬರೆದು, ಬಡ್ತಿ ತಡೆದು, ಕೆಲಸದಲ್ಲಿ ಉಳಿಸಿಕೊಂಡರು. ಆ ಸಾಫ್ಟ್‌ವೇರ್ ಬೇರೆ ಯಾರಿಗೂ ಗೊತ್ತಿರಲಿಲ್ಲ ಎಂಬುದೂ ಒಂದು ಕಾರಣ. ಈಗ ಪೆಟ್ಟಿಗೆಯಲ್ಲಿ ಅಂಕಿ ಬಿದ್ದರೆ ಮೂರು ಜನರ ಫೋನು ಬಡಿದುಕೊಳ್ಳುತ್ತದೆ, ಒಬ್ಬರು ಹೋಗಿ ನೋಡಿ ಬರುವವರೆಗೂ ಬಿಡುವುದಿಲ್ಲ. ಯಾವ ಅಂಕಿಯೂ ತಾನಾಗಿ ಹೊರಗೆ ಹೋಗುವುದಿಲ್ಲ. ಜರಡಿಯಕ್ಕ ಎಂದು ಕರೆಯುವುದನ್ನು ಯಾರೂ ಹೇಳದೆಯೇ ಎಲ್ಲರೂ ಬಿಟ್ಟರು.

ತಮ್ಮ ಸಿಟ್ಟಾಗಲಿಲ್ಲ. "ಹೋಗ್ಲಿ ಬಿಡಕ್ಕ" ಎಂದ. ಅವನ ಹೆಂಡತಿಯೂ ಏನೂ ಅನ್ನಲಿಲ್ಲ. ಆದರೆ ಅಕ್ಕ ಮನೆಗೆ ಹೋದಾಗ ಮಗುವಿಗೆ ಹಾಲು ಕಲಸುವ ಹೊತ್ತಾದರೆ, ಅಡುಗೆಮನೆಯ ಬಾಗಿಲು ಮುಂದೆ ಮಾಡಿಕೊಂಡು ಕಲಸುತ್ತಿದ್ದಳು.

ಒಂದು ಸೋಮವಾರ ಬೆಳಗ್ಗೆ ದರ್ಜಿ ಪ್ರಯೋಗಾಲಯಕ್ಕೆ ಬಂದಳು. ಕೈಯಲ್ಲಿ ವಿಚಾರಣೆಯವರು ಕೊಟ್ಟ ಕಾಗದಗಳ ಕಟ್ಟು.

"ಇದು ನನಗೆ ಅರ್ಥ ಆಗಲ್ಲ," ಎಂದಳು. "ನಮ್ಮ ಪಾಪು ಹುಟ್ಟಿದ ದಿನದಿಂದ ಹೋದ ದಿನದವರೆಗೆ. ಓದಿ ಹೇಳ್ತೀರಾ?"

"ತುಂಬಾ ಇದೆಯಮ್ಮ. ಗಂಟೆ ಗಂಟೆಯದ್ದೂ ಇದೆ."

"ಇರಲಿ. ಅಂಗಡಿಗೆ ಬೀಗ ಹಾಕಿ ಬಂದಿದೀನಿ."

ಅವಳು ಪಕ್ಕದ ಕುರ್ಚಿ ಎಳೆದುಕೊಟ್ಟಳು. ದರ್ಜಿ ಕೂತಳು, ಮೊಣಕಾಲ ಮೇಲೆ ಕೈ ಜೋಡಿಸಿಕೊಂಡು, ಪರದೆಯ ಕಡೆ ನೋಡುತ್ತ. ಅವಳು ಕಂಪ್ಯೂಟರಿನಲ್ಲಿ ಮಗು ಹುಟ್ಟಿದ ದಿನಕ್ಕೆ ಹೋಗಿ, ಮೊದಲ ಸಾಲಿನ ಮೇಲೆ ಬೆರಳಿಟ್ಟು, ಓದತೊಡಗಿದಳು.