ಬಾನೆಟ್ಟಿನ ಒಳಮೈ

ಜಯಸಿಂಹನಿಗೆ ಪೌಡರ್ ಕೋಟಿಂಗ್ ಎಂದರೆ ಮೊದಲಿನಿಂದಲೂ ಆಗಿಬರುತ್ತಿರಲಿಲ್ಲ. ಡಿಯರ್‌ಬಾರ್ನ್‌ನ ಕಾರು ಕಂಪನಿಯಲ್ಲಿ ಅರ್ಧ ಆಯುಷ್ಯ ಪೇಂಟಿನ ಕೆಲಸ ನೋಡಿಕೊಂಡ ಎಂಜಿನಿಯರ್ ಅವನು. ಒಣಪುಡಿಯನ್ನು ಲೋಹಕ್ಕೆ ಎರಚಿ, ಒಲೆಯಲ್ಲಿಟ್ಟು ನಾನೂರು ಡಿಗ್ರಿ ಫ್ಯಾರನ್‌ಹೀಟಿನಲ್ಲಿ ಬೇಯಿಸಿ ತೆಗೆಯುವುದು ತೋಟದ ಕುರ್ಚಿಗೆ ಸರಿ, ಕಾರಿಗಲ್ಲ ಎಂದು ಕಂಡಕಂಡವರ ಹತ್ತಿರ ಹೇಳುತ್ತಿದ್ದ. ಆಗ ಅವನ ಮುಖದ ಜಂಬ ನೋಡಬೇಕಿತ್ತು ನೀವು! 2009ರ ಜನವರಿಯಲ್ಲಿ ಕಂಪನಿ ಅವನನ್ನು ಮನೆಗೆ ಕಳಿಸಿತು. ಕೆಲಸ ಹೋಯಿತು, ಜಂಬ ಹೋಗಲಿಲ್ಲ.

ನಾರ್ತ್‌ವಿಲ್‌ನ ಮನೆಯ ಗರಾಜಿನಲ್ಲಿ ಅರವತ್ತೇಳನೆಯ ಇಸವಿಯ ಮಸ್ಟಾಂಗ್ ಕಾರೊಂದಿತ್ತು. ತುಕ್ಕು ತಿಂದು ಬಿದ್ದಿದ್ದನ್ನು ಯಾವುದೋ ಕಾಲದಲ್ಲಿ ಎಳೆದುಕೊಂಡು ಬಂದಿದ್ದ. ಎಂಜಿನ್ ಸರಿಹೋಗಿತ್ತು, ಸೀಟು ಕೂತಿತ್ತು, ಬಾಕಿಯಿದ್ದದ್ದು ಬಣ್ಣ ಒಂದೇ. ಈಗ ಬೆಳಗಾದರೆ ಗರಾಜು, ಸಂಜೆಯಾದರೂ ಗರಾಜು.

ಹೆಂಡತಿ ಪ್ರಭಾ ಫಾರ್ಮಸಿಸ್ಟ್. ಇಬ್ಬರಲ್ಲಿ ಒಬ್ಬರಾದರೂ ದುಡಿಯಬೇಕಲ್ಲ ಎಂದು ಶಿಕಾಗೋ ಪಕ್ಕದ ನೇಪರ್‌ವಿಲ್‌ನಲ್ಲಿ ಕೆಲಸ ಹಿಡಿದು, ಬೇಸಿಗೆಯ ಮೊದಲಲ್ಲೇ ಅಲ್ಲೊಂದು ಪುಟ್ಟ ಅಪಾರ್ಟ್‌ಮೆಂಟಿಗೆ ಒಬ್ಬಳೇ ಹೋಗಿದ್ದಳು.

"ಬಂದ್ಬಿಡಿ. ಅಲ್ಲೇ ಏನಾದ್ರೂ ಅಪ್ಲೈ ಮಾಡಿದ್ರಾಯ್ತು," ಎಂದಿದ್ದಳು ಹೊರಡುವಾಗ.

"ಕಾರು ಮುಗೀಲಿ, ಬರ್ತೀನಿ."

ಪೇಂಟ್ ಎಂದರೆ ಉಜ್ಜಬೇಕು, ಅಡಿಗೆ ಬೂದುಬಣ್ಣದ ಪ್ರೈಮರ್ ಹೊಡೆಯಬೇಕು, ಒಣಗಿದ ಮೇಲೆ ಮತ್ತೆ ಉಜ್ಜಬೇಕು. ಮುಗಿಯುವುದು ಬೇಡ ಎಂದುಕೊಂಡರೆ ಅದು ಮುಗಿಯುವುದೇ ಇಲ್ಲ. ನಿಜವಾಗಿ ಜಯಸಿಂಹನಿಗೆ ಬೇಕಿದ್ದದ್ದೂ ಅದೇ. ಹೆಂಡತಿ ಕೆಲಸಕ್ಕೆ ಹೊರಟಾಗ ಬಾಗಿಲು ಹಾಕಿಕೊಂಡು, ಬಂದಾಗ ಬಾಗಿಲು ತೆಗೆಯುವ ಗಂಡನಾಗಿ ಆ ಪುಟ್ಟ ಮನೆಯಲ್ಲಿ ಕೂರುವುದನ್ನು ನೆನೆದರೆ ಅವನಿಗೆ ನಾಚಿಕೆಯಾಗುತ್ತಿತ್ತು. ಅದನ್ನು ಬಾಯಿಬಿಟ್ಟು ಹೇಳುವುದಕ್ಕೆ ಇನ್ನೂ ನಾಚಿಕೆ. ಬೇಸಿಗೆಯೆಲ್ಲ ಹೀಗೇ ಕಳೆಯಿತು.

ಸೆಪ್ಟೆಂಬರಿನಲ್ಲಿ ಒಂದು ದಿನ ಪ್ರಭಾ ಫೋನ್ ಮಾಡಿದಳು.

"ಪೌಡರ್ ಹಾಕಿಸಿದ್ರೆ ಬೆಳಿಗ್ಗೆ ಕೊಟ್ಟು ಸಂಜೆ ತರಬಹುದಂತಲ್ಲ?"

"ಯಾರು ಹೇಳಿದ್ದು?"

"ಪೌಡರ್ ಒಲೆ ಹಾಕಿದಾರಲ್ಲ, ಆ ಶಿವಬಸಪ್ಪನವರೇ. ನಾನೇ ಕೇಳಿದೆ. ನೋಡಿ, ಬರೋಕೆ ಇಷ್ಟ ಇಲ್ದೇ ಇದ್ರೆ ಇಲ್ಲ ಅಂದ್ಬಿಡಿ. ಕಾರಿನ ನೆಪ ಹೇಳ್ಬೇಡಿ. ನಂಗೂ ಕರೆದೂ ಕರೆದೂ ಸಾಕಾಯ್ತು. ಇನ್ಮೇಲೆ ಕರೆಯಲ್ಲ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಜಯಸಿಂಹನಿಗೆ ಭಯ ಹುಟ್ಟಿಸಿದ್ದು ಅದೇ. ಆದರೆ ಭಯವಾದರೂ ರೇಗುವ ಜಾತಿ ಅವನದು. ಮಾರನೆಯ ದಿನ ಬಾನೆಟ್ ಬಿಚ್ಚಿ, ಮುಖ ಗಂಟಿಕ್ಕಿಕೊಂಡು, ವ್ಯಾನಿಗೆ ಹೇರಿಕೊಂಡು ಪಕ್ಕದೂರು ಪ್ಲಿಮತ್‌ಗೆ ಹೊರಟ.

ಶಿವಬಸಪ್ಪ ಧಾರವಾಡದ ಕಡೆಯವನು, ಹಳೆಯ ಸಹೋದ್ಯೋಗಿ. ಅವನ ಕೆಲಸವೂ ಹೋಗಿತ್ತು. ಅವನು ಒಂದು ಶೆಡ್ ಬಾಡಿಗೆ ಹಿಡಿದು ಪೌಡರ್ ಕೋಟಿಂಗ್ ಒಲೆ ಹಾಕಿಕೊಂಡಿದ್ದ.

"ಏನ್ರೀ ಸಾಹೇಬ್ರ, ಕಡೀಕ ನಮ್ಮ ಒಲೀಗೇ ಬಂದ್ರಲ್ಲ! ತೋಟದ ಕುರ್ಚಿ ತಂದೀರೇನು?"

"ನಗಬೇಡಿ ಮಾರಾಯ್ರೆ. ಇವತ್ತೇ ಹಾಕಿ ಮುಗಿಸಿ."

"ಮೊದಲ ಮರಳು ಹೊಡದು ಎರಡೂ ಕಡೆ ಬರೇ ತಗಡು ಮಾಡಬೇಕ್ರಿ. ಹಳೇದು ಚೂರೂ ಉಳಿಯೂದಿಲ್ಲ."

"ಉಳಿಯೋದು ಬೇಡ."

ಇಬ್ಬರೂ ಸೇರಿ ಬಾನೆಟ್ಟನ್ನು ಮೇಜಿನ ಮೇಲೆ ಮಗುಚಿ ಹಾಕಿದರು. ಶಿವಬಸಪ್ಪ ದೀಪ ಹತ್ತಿರ ಎಳೆದವನು ಹಾಗೇ ನಿಂತ.

"ಇದೇನ್ರಿ ಇದು? ಕುಂಕುಮ ಇದ್ದಂಗ ಐತಲ್ಲ."

ಬಾನೆಟ್ಟಿನ ಕೀಲಿನ ಪಕ್ಕ, ಅಡ್ಡಪಟ್ಟಿಯ ಮರೆಯಲ್ಲಿ, ಬಾನೆಟ್ ಎತ್ತಿದರೂ ಕಣ್ಣಿಗೆ ಬೀಳದ ಜಾಗದಲ್ಲಿ ಬೊಟ್ಟುಗಳು ಸಾಲಾಗಿದ್ದವು. ಮೊದಮೊದಲಿನವು ಕಪ್ಪಾಗಿದ್ದವು, ಕೊನೆಯದು ಇನ್ನೂ ಕೆಂಪಗಿತ್ತು. ಒಂದೊಂದರ ಕೆಳಗೂ ಎಣ್ಣೆ ಇಳಿದು ಒಣಗಿದ ಗೆರೆ.

ಜಯಸಿಂಹನಿಗೆ ಎಷ್ಟೋ ವರ್ಷ ಹಿಂದಿನ ಒಂದು ಆಯುಧಪೂಜೆ ನೆನಪಾಯಿತು. ಬಾನೆಟ್ಟಿಗೆ ಪ್ರೈಮರ್ ಹೊಡೆದು, ಹಬ್ಬಕ್ಕೆ ಬಂದ ನೆಂಟರಿಷ್ಟರ ಮುಂದೆಯೇ ಬಣ್ಣ ಹಾಕಿ ತೋರಿಸಬೇಕೆಂದಿದ್ದ. ಪ್ರಭಾ ಆರತಿ ತಟ್ಟೆ ಹಿಡಿದು ಬಂದವಳು, ತನ್ನ ತವರುಮನೆಯಲ್ಲಿ ಮಾಡುತ್ತಿದ್ದ ಹಾಗೆ ಕುಂಕುಮವನ್ನು ಎಣ್ಣೆಯಲ್ಲಿ ಕಲಸಿ ಪ್ರೈಮರ್ ಮೇಲೆ ದಪ್ಪಗೆ ಇಟ್ಟಳು. ಅವನು ಒರೆಸಿ ಬಣ್ಣ ಹೊಡೆದ. ಎಣ್ಣೆ ಹೀರಿದ ಕಡೆ ಬಣ್ಣ ಹಿಡಿಯಲಿಲ್ಲ. ಸುತ್ತ ಸರಿದು ಮೀನುಗಣ್ಣಿನಂಥ ಕುಳಿಗಳೆದ್ದವು. ಅಷ್ಟೂ ಜನರೆದುರು ಅವನು ಕಿರುಚಿದ್ದ: "ನಿನ್ನ ಪೂಜೆ ದೇವರಮನೇಲಿರ್ಲಿ! ನನ್ನ ಕೆಲಸಕ್ಕೆ ಎಣ್ಣೆ ಕೈ ಹಚ್ಚಬೇಡ!"

ಪ್ರಭಾ ತಟ್ಟೆ ಎತ್ತಿಕೊಂಡು ಒಳಗೆ ಹೋಗಿದ್ದಳು. ಆಮೇಲೆ ಯಾವ ಹಬ್ಬಕ್ಕೂ ಕುಂಕುಮ ಹಿಡಿದು ಗರಾಜಿಗೆ ಬಂದದ್ದನ್ನು ಅವನು ನೋಡಿರಲಿಲ್ಲ. ಸದ್ಯ, ಬುದ್ಧಿ ಬಂತು ಎಂದುಕೊಂಡಿದ್ದ, ಪುಣ್ಯಾತ್ಮ! ಅವಳು ಒಂದು ವರ್ಷವನ್ನೂ ಬಿಟ್ಟಿರಲಿಲ್ಲ. ಅವನ ಬಣ್ಣ ಕೆಡದ ಕಡೆ, ಅವನ ಕಣ್ಣು ಹೋಗದ ಕಡೆ ಹುಡುಕಿ ಇಟ್ಟಿದ್ದಳು. ಕೊನೆಯ ಬೊಟ್ಟು ಉಳಿದವಕ್ಕಿಂತ ದೊಡ್ಡದಾಗಿತ್ತು. ಅದು ಹೋದ ವರ್ಷದ್ದು. ಆಫೀಸಿನಲ್ಲಿ ಜನರನ್ನು ತೆಗೆಯುತ್ತಾರಂತೆ ಎಂದು ಅವನು ಊಟ ಬಿಟ್ಟು ಓಡಾಡುತ್ತಿದ್ದ ದಿನಗಳವು.

ಶಿವಬಸಪ್ಪ ಮರಳಿನ ಪೈಪು ಹಿಡಿದು ಕಾದ. "ಹೊಡೀಲೇನ್ರಿ?"

"ಬೇಡ. ವಾಪಸ್ ಕೊಟ್ಬಿಡಿ."

"ಹಂಗಾರ ಪೇಂಟೇ ಅನ್ನರಿ."

"ಅದೂ ಅಲ್ಲ."

ಮನೆಗೆ ಬಂದು ಬಾನೆಟ್ಟಿನ ಹೊರಮೈಯನ್ನಷ್ಟೇ ಉಜ್ಜಿ ಪ್ರೈಮರ್ ಹೊಡೆದ. ಒಳಮೈಯನ್ನು ಮುಟ್ಟಲಿಲ್ಲ. ಆಯುಧಪೂಜೆಯ ಭಾನುವಾರ ನಸುಕಿನಲ್ಲೇ ಬೂದುಬಣ್ಣದ ಆ ಕಾರನ್ನು ಹೊರಗೆ ತೆಗೆದು ಶಿಕಾಗೋ ಕಡೆಗೆ ಐ-94 ಹೆದ್ದಾರಿ ಹಿಡಿದ. ದಾರಿಯುದ್ದಕ್ಕೂ ಅವಳು ಬಾಗಿಲು ತೆಗೆಯದಿದ್ದರೆ ಏನು ಗತಿ ಎಂದು ಯೋಚಿಸುತ್ತಲೇ ಡ್ರೈವ್ ಮಾಡಿದ.

ಅವನು ಕೆಳಗಿನಿಂದ ಫೋನ್ ಮಾಡಿ ಕರೆದಾಗ ಪ್ರಭಾ ಪಾರ್ಕಿಂಗ್ ಲಾಟಿಗೆ ಇಳಿದು ಬಂದಳು. ಕಾರನ್ನು ನೋಡಿದಳು, ಅವನನ್ನು ನೋಡಿದಳು.

"ಬಣ್ಣ ಎಲ್ಲಿ?"

"ಹಾಕಿಲ್ಲ."

"ಮುಗಿಸಿ ಬರ್ತೀನಿ ಅಂದಿದ್ರಿ."

"ಮುಗೀಲಿಲ್ಲ. ಬಂದೆ." ನೆಲ ನೋಡುತ್ತ ಹೇಳಿದ, "ಬಾನೆಟ್ ಒಳಗಡೆ ನೋಡಿದೆ ಪ್ರಭಾ."

ಅವಳು ಮೆಟ್ಟಿಲೇರಿ ಮೇಲೆ ಹೋದಳು. ಇನ್ನು ಬರುವುದಿಲ್ಲವೇನೋ ಎಂದು ಅವನು ಕೈಕೈ ಹಿಸುಕಿಕೊಂಡ. ಕುಂಕುಮ ಕಲಸಿದ ಬಟ್ಟಲು ಹಿಡಿದು ಬಂದವಳು ಅಭ್ಯಾಸಬಲದಿಂದ ಬಾನೆಟ್ ಎತ್ತಲು ಕೈ ಹಾಕಿದಳು. ಜಯಸಿಂಹ ಅದರ ಮೇಲೆ ಅಂಗೈ ಒತ್ತಿ ಹಿಡಿದ.

"ಮೇಲಿಡು."

"ಪ್ರೈಮರ್ ಮೇಲೆ ಎಣ್ಣೆ ಬಿದ್ರೆ ಬಣ್ಣ ಹಿಡಿಯಲ್ಲ. ನೀವೇ ಹೇಳಿದ್ದು, ಎಲ್ಲರ ಮುಂದೆ."

"ಹೌದು, ಎಲ್ಲರ ಮುಂದೇನೇ ಹೇಳಿದ್ದೆ. ತಪ್ಪಾಯ್ತು." ಅವನ ಕಣ್ಣು ತುಂಬಿತು. "ಹಿಡೀದಿದ್ರೆ ಬೇಡ ಬಿಡು. ಇಡು ನೀನು."

ಪ್ರಭಾ ಉಂಗುರದ ಬೆರಳನ್ನು ಅದ್ದಿ, ಬಾನೆಟ್ಟಿನ ನಟ್ಟನಡುವೆ ದೊಡ್ಡದಾಗಿ ಇಟ್ಟಳು. ಎಣ್ಣೆ ಬೂದುಬಣ್ಣದೊಳಗೆ ಮೆಲ್ಲಗೆ ಹರಡಿಕೊಂಡಿತು. ಅವನು ನೋಡುತ್ತ ನಿಂತ, ಒರೆಸಲಿಲ್ಲ.

"ತಿಂಡಿ ತಿಂದಿಲ್ಲ ಅಲ್ವಾ ನೀವು?" ಎನ್ನುತ್ತ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು ಮೆಟ್ಟಿಲ ಕಡೆ ತಿರುಗಿದಳು.

ಜಯಸಿಂಹ ಡಿಕ್ಕಿ ತೆಗೆದು ಎರಡು ದೊಡ್ಡ ಸೂಟ್‌ಕೇಸ್‌ಗಳನ್ನು ಇಳಿಸಿದ.